ಎಡಗಣ್ಣಿನ ಬಿಲ್ಲುಗಾರ

ನಮ್ಮ ಮನೆಗೆ ಮೀನು ತರುವ ಅಧಿಕಾರ ನನಗಿಲ್ಲ. ಇದನ್ನು ಹೇಳಿಕೊಳ್ಳಲು ಈಗೀಗ ನಾಚಿಕೆಯೂ ಆಗುವುದಿಲ್ಲ. ಮದುವೆಯಾದ ಹೊಸತರಲ್ಲಿ, ಹೊಸ ಅಳಿಯನ ಉತ್ಸಾಹದಲ್ಲಿ, ಕಾಪು ಪೇಟೆಯಿಂದ ಒಂದು ಡಜನ್ ಬಂಗುಡೆ ತಂದಿದ್ದೆ. ನಮ್ಮ ಜೊತೆಗೇ ಇರುವ ನನ್ನ ಅತ್ತೆ ಕಡಲ ದಂಡೆಯ ಎರ್ಮಾಳಿನಲ್ಲಿ ಹುಟ್ಟಿ, ಬುಟ್ಟಿ ಹೊತ್ತು ಊರೂರು ತಿರುಗಿ ಮೀನು ಮಾರಿದವರು. ಅವರು ಅದರಲ್ಲಿ ಒಂದನ್ನೆತ್ತಿ ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಗುಳಿ ಹಾಗೆಯೇ ಉಳಿಯಿತು.

"ಇದು ಯಾವಾಗ ಸತ್ತದ್ದು ಅಂತ ಇದಕ್ಕೇ ನೆನಪಿಲ್ಲ," ಎಂದರು.

ಬೈಯಲಿಲ್ಲ, ನಗಲೂ ಇಲ್ಲ. ಮರುದಿನದಿಂದ ಮೀನಿನ ಖಾತೆ ಅವರಿಗೆ ಹೋಯಿತು, ನನಗೆ ತರಕಾರಿ ಖಾತೆ ಸಿಕ್ಕಿತು. ನನ್ನ ಹೆಂಡತಿ ಶಶಿಕಲಾ ಈ ಸಂಪುಟವನ್ನು ಪುನರ್ರಚಿಸುವ ಪ್ರಯತ್ನವನ್ನು ಇಂದಿನವರೆಗೂ ಮಾಡಿಲ್ಲ.

ಮಣಿಪಾಲದ ಕಚೇರಿಯೊಂದರಲ್ಲಿ ಕಡತಗಳನ್ನು ಈ ಮೇಜಿನಿಂದ ಆ ಮೇಜಿಗೆ ಸಾಗಿಸಿ ನಿವೃತ್ತನಾದ ಮೇಲೆ ನನಗೆ ಹಳೆಯ ಸೋಲುಗಳೆಲ್ಲ ಬಿಡುವಾಗಿ ನೆನಪಾಗತೊಡಗಿದವು. ಎಲ್ಲಕ್ಕಿಂತ ಹೆಚ್ಚಾಗಿ ಆ ಬಂಗುಡೆಯ ಗುಳಿ. ಸಾಯುವ ಮೊದಲು ಒಂದೇ ಒಂದು ಸಲ, ನನ್ನ ಕೈಯಿಂದ ಬಂದ ಮೀನನ್ನು ಅತ್ತೆ ತಿಂದು ಒಳ್ಳೆಯದಿದೆ ಎನ್ನಬೇಕು. ಇಷ್ಟೇ ಆಸೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಹೇಳಿದ್ದು ವಾಲ್ಟರನಿಗೆ ಮಾತ್ರ. ಅವನು ನನ್ನ ಶಾಲೆಯ ಗೆಳೆಯ, ಕುವೈತಿನಲ್ಲಿ ಬಹುಕಾಲ ದುಡಿದು ಈಗ ಬಜಗೋಳಿಯಲ್ಲಿ ನೆಲೆಸಿದ್ದಾನೆ. ಬೇರೆಯವರು ಗಲ್ಫಿನಿಂದ ಸೆಂಟು, ಚಾಕಲೇಟು ತಂದರೆ ಇವನು ಮೀನಿಗೆ ಹೊಡೆಯುವ ಬಿಲ್ಲುಗಳನ್ನು ತಂದ. ಅವನ ಜಾಗದಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯೊಂದಿದೆ. ನೀರು ತುಂಬಿದ ಆ ಕೋರೆಯಲ್ಲಿ ಕಾಟ್ಲ ಸಾಕಿದ್ದಾನೆ. ಎಲ್ಲಿಂದಲೋ ಸೇರಿಕೊಂಡ ತಿಲಾಪಿಯಾ ಎಂಬ ಇನ್ನೊಂದು ಮೀನು ಸಂಸಾರ ಬೆಳೆಸಿ ಕಾಟ್ಲದ ಊಟಕ್ಕೆ ಕೈಹಾಕಿತ್ತು.

"ಬಾ ಮಾರಾಯ, ನೀನೇ ಹೊಡಿ. ನೀರಿನಿಂದ ಸೀದಾ ಎದ್ದ ಮೀನು ಹಳತಾಗುವುದು ಹೇಗೆ?" ಎಂದ ವಾಲ್ಟರ್.

ಇಂಥ ತರ್ಕ ನನಗೆ ಇಷ್ಟು ವರ್ಷ ಹೊಳೆಯಲೇ ಇಲ್ಲವಲ್ಲ! ಆರಿಸಲು ಬಾರದವನು ಹಿಡಿದೇ ತಂದರಾಯಿತು. ಆದರೆ ಮೀನು ಆರಿಸುವ ಕಷ್ಟದಿಂದ ತಪ್ಪಿಸಿಕೊಳ್ಳಲು ಹೋದವನು ಬಿಲ್ಲು ಆರಿಸುವ ಕಷ್ಟಕ್ಕೆ ಬಿದ್ದೆ. ಮೂರು ತಿಂಗಳು ಮೊಬೈಲಿನಲ್ಲಿ ಅದೇ ಅಧ್ಯಯನ. ಕಚೇರಿಯ ಕೆಲಸಕ್ಕೆ ಇಷ್ಟು ಶ್ರದ್ಧೆ ತೋರಿಸಿದ್ದರೆ ಎರಡು ಬಡ್ತಿ ಹೆಚ್ಚು ಸಿಗುತ್ತಿತ್ತೇನೋ.

ವಾಲ್ಟರನ ಜಗಲಿಯಲ್ಲಿ ಮೂರು ಬಿಲ್ಲುಗಳಿದ್ದವು. ಎರಡು ತುದಿಗೂ ರಾಟೆ ಇರುವ ದೊಡ್ಡ ಬಿಲ್ಲನ್ನು ಗಂಡಸುತನದ ಮರ್ಯಾದೆಗಾಗಿ ಮೊದಲು ಎತ್ತಿಕೊಂಡೆ. ಹೆದೆ ಎಳೆದಾಗ ಅದು ಬರಲಿಲ್ಲ, ನನ್ನ ಭುಜದ ಕೀಲು ಮಾತ್ರ ಲಟಕ್ಕೆಂದಿತು. ಹತ್ತಡಿ ದೂರದ ಮೀನಿಗೆ ಆನೆ ಕೊಲ್ಲುವ ಬಿಗಿ ಬೇಕಿಲ್ಲ, ದಿನವಿಡೀ ಎಳೆದರೂ ಸುಸ್ತಾಗದ ಬಿಲ್ಲೇ ಒಳ್ಳೆಯದು ಎಂದು ಅವನು ಸಮಾಧಾನ ಹೇಳಿ ಎರಡನೆಯ ಬಿಲ್ಲನ್ನು ಕೈಗಿಟ್ಟ.

ಆಮೇಲೆ ರೀಲು. ಬಾಣಕ್ಕೆ ಕಟ್ಟಿದ ದಾರ ಇದರಲ್ಲಿರುತ್ತದೆ. ಒಂದು ಜಾತಿಯಲ್ಲಿ ಬಾಣ ಬಿಡುವ ಮೊದಲು ಗುಂಡಿ ಒತ್ತಲೇಬೇಕು, ಮರೆತರೆ ದಾರ ಬಿಚ್ಚಿಕೊಳ್ಳದೆ ಬಾಣ ತಿರುಗಿ ನಮ್ಮ ಕಡೆಗೇ ಬರಬಹುದು. ಪಂಪಿನ ಸ್ವಿಚ್ ಹಾಕಿ ಮರೆತು ಟ್ಯಾಂಕಿನ ನೀರನ್ನು ಪಕ್ಕದ ಮನೆಯ ಅಂಗಳಕ್ಕೆ ಹರಿಸುವ ನನಗೆ ಇದು ಹೇಳಿದ್ದಲ್ಲ. ಇನ್ನೊಂದರಲ್ಲಿ ದಾರ ಬಾಟಲಿಯೊಳಗೆ ಸಡಿಲವಾಗಿ ಬಿದ್ದಿರುತ್ತದೆ, ಬಾಣ ಹೋದಾಗ ತಾನಾಗಿ ಹೋಗುತ್ತದೆ. ಮರೆಗುಳಿಗಳ ಮೇಲೆ ಕರುಣೆಯಿದ್ದವರು ಮಾಡಿದ ಈ ಬಾಟಲಿ ರೀಲನ್ನೇ ಆರಿಸಿದೆ.

ಬಾಣ ನೋಡಿದರೆ ಅದಕ್ಕೆ ಗರಿಯೇ ಇಲ್ಲ! ಫೈಬರ್ ಗ್ಲಾಸಿನ ದಪ್ಪ ಕಡ್ಡಿ, ಮೊನೆಯಲ್ಲಿ ಹಿಮ್ಮುಖದ ಎರಡು ಮುಳ್ಳು. ಗರಿ ಗಾಳಿಯಲ್ಲಿ ದಾರಿ ತೋರಿಸುತ್ತದೆ, ನೀರಿನಲ್ಲಿ ದಾರಿ ತಪ್ಪಿಸುತ್ತದೆಯಂತೆ. ಕಚೇರಿಯಲ್ಲಿ ದೊಡ್ಡ ಗರಿಯಾಗಿದ್ದ ಕೆಲವು ಅಧಿಕಾರಿಗಳು ನಿವೃತ್ತಿಯ ನಂತರ ಏನಾದರೆಂಬುದು ನೆನಪಾಯಿತು. ಹೆಸರು ಹೇಳುವುದಿಲ್ಲ.

ಇಷ್ಟೆಲ್ಲ ಆರಿಸಿ ಕೋರೆಯ ದಂಡೆಯಲ್ಲಿ ನಿಂತೆ. ಮೀನು ಕಾಣುವ ಜಾಗದಲ್ಲಿ ಮೀನು ಇರುವುದಿಲ್ಲ, ನೀರಿನಲ್ಲಿ ಬೆಳಕು ಬಾಗುವುದರಿಂದ ಅದು ಇನ್ನೂ ಕೆಳಗಿರುತ್ತದೆ, ಆದ್ದರಿಂದ ಕೆಳಗೆ ಹೊಡೆಯಬೇಕು. ಈ ವೇದಾಂತ ಶಾಲೆಯಲ್ಲೇ ಓದಿದ್ದೆ. ಕೆಳಗೆ ಹೊಡೆದೆ. ಬಾಣ ಎರಡಡಿ ಎಡಕ್ಕೆ ಹೋಯಿತು. ಮತ್ತೆ ಹೊಡೆದೆ, ಮತ್ತೆ ಎಡಕ್ಕೇ. ಹತ್ತನೆಯ ಸಲಕ್ಕೆ ತಿಲಾಪಿಯಾಗಳು ಹೆದರುವುದನ್ನೂ ಬಿಟ್ಟವು.

ನನಗೆ ಆಶ್ಚರ್ಯವಾಗಲಿಲ್ಲ. ಬಾಲ್ಯದಿಂದಲೂ ನಾನು ಹೀಗೆಯೇ. ಮಾವಿನಕಾಯಿಗೆ ಬೀಸಿದ ಕಲ್ಲು ಪಕ್ಕದ ಮನೆಯ ಹೆಂಚಿಗೆ. ಲಗೋರಿಯಲ್ಲಿ ನನ್ನನ್ನು ಯಾವ ತಂಡವೂ ಕರೆಯುತ್ತಿರಲಿಲ್ಲ, ಕೊನೆಗೆ ಉಳಿದಾಗ ಮಾತ್ರ ನಿಟ್ಟುಸಿರು ಬಿಟ್ಟು ಸೇರಿಸಿಕೊಳ್ಳುತ್ತಿದ್ದರು.

ವಾಲ್ಟರ್ ನನ್ನ ಕೈಯ ಬಿಲ್ಲನ್ನು ತೆಗೆದು ಪಕ್ಕಕ್ಕಿಟ್ಟ. "ಎರಡು ಕೈಯೂ ಚಾಚು. ಅಂಗೈ ನಡುವೆ ಸಣ್ಣ ಕಿಂಡಿ ಮಾಡು. ಅದರಲ್ಲಿ ಅಗೋ ಆ ಮೊಬೈಲ್ ಟವರ್ ನೋಡು. ಈಗ ಬಲಗಣ್ಣು ಮುಚ್ಚು. ಟವರ್ ಉಂಟಾ?"

"ಉಂಟು."

"ಈಗ ಎಡಗಣ್ಣು ಮುಚ್ಚು."

ಟವರ್ ಮಾಯವಾಯಿತು! ಅದರ ಜಾಗದಲ್ಲಿ ನನ್ನದೇ ಹೆಬ್ಬೆರಳು.

"ಎಂತ ಮಾರಾಯ, ನಿನ್ನ ಕೈ ಬಲದ್ದು, ಕಣ್ಣು ಎಡದ್ದು. ನಿನಗೆ ಎಡಗೈ ಬಿಲ್ಲು ಬೇಕು," ಎಂದು ಯಾರಿಗೂ ಬೇಡವಾಗಿ ಮೂಲೆಯಲ್ಲಿದ್ದ ಮೂರನೆಯ ಬಿಲ್ಲಿಗೆ ಬಾಟಲಿ ರೀಲನ್ನು ಕಟ್ಟಿಕೊಟ್ಟ.

ಆ ಕ್ಷಣದ ಹಗುರವನ್ನು ಹೇಗೆ ಹೇಳಲಿ? ಅರವತ್ತು ದಾಟಿದ ಮೇಲೆ ನನ್ನ ಮೇಲಿದ್ದ ಆರೋಪವೊಂದು ಸುಳ್ಳೆಂದು ತೀರ್ಪು ಬಂದಿತ್ತು. ನಾನು ದಡ್ಡನಲ್ಲ, ನನ್ನ ಎರಡು ಅಂಗಗಳು ಒಂದನ್ನೊಂದು ಕೇಳದೆ ಕೆಲಸ ಮಾಡುತ್ತಿದ್ದವು, ಅಷ್ಟೆ. ಹೆಂಚು ಒಡೆಸಿಕೊಂಡ ಆ ಪಕ್ಕದ ಮನೆಯವರು ಈಗ ಇದ್ದಿದ್ದರೆ ಹೋಗಿ ಹೇಳಿಬರುತ್ತಿದ್ದೆ.

ಎಡಗೈಯಲ್ಲಿ ಹೆದೆ ಎಳೆದು ಬಿಟ್ಟ ನಾಲ್ಕನೆಯ ಬಾಣಕ್ಕೆ ದಾರ ಅದುರಿತು. ಎಳೆದರೆ ಅಂಗೈಗಿಂತ ದೊಡ್ಡ ತಿಲಾಪಿಯಾ. ನಾನು ಕುಣಿದೆನೆಂದು ವಾಲ್ಟರ್ ಹೇಳುತ್ತಾನೆ. ಕುಣಿದಿರಬಹುದು.

ಮಂಜುಗಡ್ಡೆಯಲ್ಲಿ ಮೀನಿಟ್ಟುಕೊಂಡು ಬಸ್ಸು ಹತ್ತಿದೆ. ಕಾರ್ಕಳ ದಾಟಿದ ಮೇಲೆ ನೆನಪಾಯಿತು. ನಮ್ಮ ಮನೆಯಲ್ಲಿ ಸಿಹಿನೀರಿನ ಮೀನು ತಿನ್ನುವುದೇ ಇಲ್ಲ! ಕಡಲ ಕರೆಯವರಿಗೆ ಅದು ಮೀನೇ ಅಲ್ಲ, ಕೆಸರು ವಾಸನೆಯ ಏನೋ ಒಂದು. ಬಿಲ್ಲಿನ ಬಿಗಿ, ದಾರದ ಉದ್ದ, ಬಾಣದ ಮುಳ್ಳು, ಎಲ್ಲವನ್ನೂ ಮೂರು ತಿಂಗಳು ಯೋಚಿಸಿದ ಬುದ್ಧಿವಂತ, ತಿನ್ನುವವರನ್ನು ಯೋಚಿಸಿರಲಿಲ್ಲ. ದಾರಿಯಲ್ಲೇ ಎಲ್ಲಿಯಾದರೂ ಇಳಿದು ಬೆಕ್ಕಿಗೆ ಹಾಕಿಬಿಡೋಣವೆಂದೂ ಅನಿಸಿತು.

ಅತ್ತೆ ಪೊಟ್ಟಣ ಬಿಚ್ಚಿದರು. ಕಿವಿರು ಎತ್ತಿ ನೋಡಿದರು. "ಯಾರು ಹಿಡಿದದ್ದು?"

"ನಾನೇ, ಅತ್ತೆ."

ಅವರು ಮೀನು ಕೊಯ್ಯಲು ಕತ್ತಿಮಣೆ ಎಳೆದುಕೊಂಡರು. ಶಶಿಕಲಾ ಬಾಯಿ ತೆರೆದವಳು ಅವರ ಮುಖ ನೋಡಿ ಮುಚ್ಚಿದಳು. ಉಪ್ಪು, ಅರಸಿನ ಹಾಕಿ ಮೂರು ಸಲ ತೊಳೆದರು. ಶುಂಠಿ ಹೆಚ್ಚು, ಹುಳಿ ಹೆಚ್ಚು, ಮೆಣಸು ಇನ್ನೂ ಹೆಚ್ಚು. ಊಟಕ್ಕೆ ಕುಳಿತಾಗ ನಾನು ಅನ್ನ ಕಲಸಿಕೊಂಡು ಅವರ ಕೈಯನ್ನೇ ನೋಡುತ್ತಿದ್ದೆ. ಒಂದು ತುಂಡು ಮುರಿದು ಬಾಯಿಗಿಟ್ಟರು, ಅಗಿದರು, ನುಂಗಿದರು.

"ಒಳ್ಳೆದುಂಟು," ಎಂದರು.

ಸಂತೋಷದಿಂದ ನಾನೂ ಒಂದು ತುಂಡು ತಿಂದೆ. ಶುದ್ಧ ಕೆಸರು. ಶಶಿಕಲಾ ನೀರಿನ ಲೋಟ ಹುಡುಕುತ್ತಿದ್ದಳು. ಅತ್ತೆ ಮಾತ್ರ ತಲೆ ತಗ್ಗಿಸಿ, ಒಂದು ಮುಳ್ಳೂ ಬಿಡದೆ ಚೀಪಿ, ತಟ್ಟೆ ಖಾಲಿ ಮಾಡಿದರು. ಬುಟ್ಟಿ ಇಳಿಸಿದ ಅಂಗಳದಲ್ಲೆಲ್ಲ "ಇದು ನಿನ್ನೆಯದ್ದು, ಬೇಕಾದರೆ ತಕ್ಕೊಳ್ಳಿ" ಎಂದು ಗಿರಾಕಿಯ ಮುಖಕ್ಕೇ ಹೇಳುತ್ತಿದ್ದ ಹೆಂಗಸು ಅವರು. ಮೀನಿನ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ನಾನು ಕೇಳಿದೆ. ಕಣ್ಣು ತುಂಬಿ ಬಂತು. ಮೆಣಸಿನ ಖಾರ ಎಂದುಕೊಂಡಿರಬೇಕು, ಮಜ್ಜಿಗೆ ಬಡಿಸಿದರು.

ಮರುದಿನ ಬೆಳಿಗ್ಗೆ ವಾಲ್ಟರನ ಫೋನು. ಮುಂದಿನ ಭಾನುವಾರ ಬರಬೇಕಂತೆ, ಇನ್ನೂ ಒಳ್ಳೆಯ ಬಾಣ ತರಿಸಿದ್ದಾನಂತೆ. ಬರುವುದಿಲ್ಲ ಎಂದೆ. ಹೇಳಿದೊಡನೆ ಮೈಯೆಲ್ಲ ಸಡಿಲವಾಗಿ, ಎಷ್ಟೋ ವರ್ಷಗಳಿಂದ ಎಳೆದು ಹಿಡಿದಿದ್ದ ಏನನ್ನೋ ಕೆಳಗಿಟ್ಟಂತಾಯಿತು.

"ಯಾಕೆ ಮಾರಾಯ, ಅತ್ತೆಗೆ ಹಿಡಿಸಲಿಲ್ವಾ?"

"ತುಂಬಾ ಹಿಡಿಸಿತು. ಅದಕ್ಕೇ ಬರುವುದಿಲ್ಲ," ಎಂದೆ. ಅತ್ತೆ ನನಗಾಗಿ ಒಂದು ಸುಳ್ಳು ಹೇಳಿದ್ದಾರೆ. ಎರಡನೆಯದನ್ನು ಅವರಿಂದ ಹೇಳಿಸುವಷ್ಟು ಕೆಟ್ಟ ಅಳಿಯ ನಾನಲ್ಲ.