ಷಡ್ಡಕ ಮತ್ತು ಶನಿಯ ಬಳೆ

ಹೆಂಡತಿ, ನಾದಿನಿ, ಅತ್ತೆ, ಮಾವ ಎಲ್ಲರೂ ನೋಡುತ್ತಿರುವಾಗ ನಾನು ತಾರಸಿಯ ಮೇಲೆ ಒಂದು ಯಂತ್ರದ ಸುತ್ತ ಗಾಣದೆತ್ತಿನ ಹಾಗೆ ತಿರುಗಿದ್ದು ನಿಜ. ಅಲ್ಲಗಳೆಯುವುದಿಲ್ಲ. ಸಾಕ್ಷಿಗಳು ಬಹಳ ಇದ್ದಾರೆ.

ಯಂತ್ರವೆಂದರೆ ನಾನು ಹೊಸದಾಗಿ ತಂದ ಕಂಪ್ಯೂಟರ್ ಟೆಲಿಸ್ಕೋಪು. ಅದಕ್ಕೊಂದು ವೈರಿನ ರಿಮೋಟು. ಅದರಲ್ಲಿ ‘ಶನಿ’ ಎಂದು ಆರಿಸಿ ಗುಂಡಿ ಒತ್ತಿದರೆ ಸಾಕು, ಕೊಳವೆ ತಾನಾಗಿಯೇ ತಿರುಗಿ ಶನಿಯತ್ತ ಮುಖ ಮಾಡುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಒತ್ತಿದೆ. ಗರ್ರೆಂದು ತಿರುಗಿತು. ತಿರುಗುವಾಗ ನನ್ನ ಮಫ್ಲರಿನ ತುದಿಯನ್ನೂ ಹಿಡಿದುಕೊಂಡಿತು. ಚಳಿಯೆಂದು ಹೆಂಡತಿ ಅದಕ್ಕೆ ಎರಡು ಗಂಟು ಹಾಕಿ ಕಳಿಸಿದ್ದಳು. ನಿಲ್ಲಿಸುವ ಗುಂಡಿ ಯಾವುದೆಂದು ಕೈಪಿಡಿಯಲ್ಲಿತ್ತು. ಕೈಪಿಡಿ ಕೆಳಗೆ ಮನೆಯಲ್ಲಿತ್ತು. ಯಂತ್ರ ಹೋದ ಕಡೆ ನಾನೂ ಹೋದೆ, ಕತ್ತು ಮುಂದೆ, ಕಾಲು ಹಿಂದೆ.

“ಇದನ್ನ ನಾವೂ ಸುತ್ತಬೇಕಾ?” ಎಂದು ಅತ್ತೆ ಭಕ್ತಿಯಿಂದ ಕೇಳಿದರು.

ಆಗ ನನ್ನ ಷಡ್ಡಕ ಕುರ್ಚಿಯಿಂದ ಎದ್ದ. ಅವಸರವಿಲ್ಲದೆ ಬಂದು ಸ್ವಿಚ್ಚು ಆರಿಸಿದ. ಗಂಟು ಬಿಚ್ಚಿದ. ಮಫ್ಲರನ್ನು ನಾಲ್ಕಾಗಿ ಮಡಿಸಿ ನನ್ನ ಕೈಗಿಟ್ಟು ಹೋಗಿ ಕೂತ. ನಗಲಿಲ್ಲ. ನಕ್ಕಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಹೆಂಡತಿಯ ತಂಗಿಯ ಗಂಡ ಎನ್ನುವುದು ಬಹಳ ಕಷ್ಟದ ಸಂಬಂಧ. ಒಂದೇ ಅಂಗಡಿಯಿಂದ ತಂದ ಎರಡು ಕೊಡೆಗಳ ಹಾಗೆ. ಯಾವುದು ಮೊದಲು ಸೋರಿತು ಎಂದು ಮನೆಮಂದಿಯೆಲ್ಲ ನೋಡುತ್ತಿರುತ್ತಾರೆ. ನಮ್ಮಲ್ಲಿ ಇನ್ನೂ ಕಷ್ಟ, ಏಕೆಂದರೆ ಕೊಡೆಗಳು ಒಂದೇ ಮನೆಯಲ್ಲಿವೆ. ಕೆಳಗೆ ಅತ್ತೆ-ಮಾವ, ನಡುವೆ ನಾವು, ಮೇಲಿನ ಅಂತಸ್ತಿನಲ್ಲಿ ಅವನು. ಮಾವನವರ ಮನೆಯಲ್ಲಿ ಬಲ್ಬು ಹೋದರೆ ಅವನನ್ನು ಕೂಗುತ್ತಾರೆ. ನಲ್ಲಿ ತೊಟ್ಟಿಕ್ಕಿದರೆ ಅವನನ್ನು. ಹಳೇ ಪೇಪರಿನ ಕಟ್ಟು ಕಟ್ಟುವಾಗ ದಾರದ ಮೇಲೆ ಬೆರಳಿಡಲು ಒಬ್ಬರು ಬೇಕಾದರೆ ನನ್ನನ್ನು.

ಅವನು ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. ನಾನು ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿ ನೋಡುವವನು. ಅವನಿಂದ ಕಲಿಯದವರೆಲ್ಲ ನನ್ನ ಬಳಿಗೆ ಬರುತ್ತಾರೆ. ಷಡ್ಡಕ ಮೊದಲು ಒಂದು ಬ್ರೆಡ್ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದನಂತೆ. ಪಕ್ಕದಲ್ಲಿ ಕೂತ ಲೋಡರಿಗೆ ಸುಮ್ಮನೆ ಹೊತ್ತು ಹೋಗಲೆಂದು ಗೇರು ಹಾಕುವುದು ಹೇಳಿಕೊಟ್ಟ. ಲೋಡರ್ ಕಲಿತ. ಅವನ ತಮ್ಮ ಬಂದ, ತಮ್ಮನ ಹೆಂಡತಿ ಬಂದಳು. ಹೀಗೆ ಷಡ್ಡಕ ವ್ಯಾನು ಬಿಟ್ಟು ಶಾಲೆ ಸೇರಿದ. ಅವನ ಕಾರು ಎಲ್ಲ ಕಡೆಯೂ ನೆಗ್ಗಿದೆ, ಅವನು ಎಲ್ಲೂ ನೆಗ್ಗಿಲ್ಲ. ಕಲಿಯುವವರ ಸ್ಟೀರಿಂಗನ್ನು ಅವನು ಮುಟ್ಟುವುದಿಲ್ಲ. ಎರಡೂ ಕೈ ತೊಡೆಯ ಮೇಲೆ, ಒಂದು ಕಾಲು ತನ್ನ ಪಾಲಿನ ಬ್ರೇಕಿನ ಮೇಲೆ. ಅವನದು ಒಂದೇ ಕಟ್ಟಳೆ: ಮಾಡುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಮಾಡಬೇಕು. “ಕ್ಲಚ್ ಒತ್ತಿದೆ, ಗೇರು ಹಾಕಿದೆ, ಕನ್ನಡಿ ನೋಡಿದೆ.” ನಮ್ಮ ಬೀದಿಯಲ್ಲಿ ಕಿಟಕಿ ಇಳಿಸಿಕೊಂಡು ತಮ್ಮಷ್ಟಕ್ಕೆ ತಾವೇ ಮಾತಾಡುತ್ತ ಹೋಗುವವರನ್ನು ಕಂಡರೆ ಹುಚ್ಚರೆಂದು ತಿಳಿಯಬಾರದು, ಅವನ ಶಿಷ್ಯರು.

ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಅವಳಿಗೆ ಮೊದಲು ಕಲಿಸಲು ಹೊರಟವನು ನಾನು. ಮೊದಲ ತಿರುವಿನಲ್ಲೇ ಅವಳು ಕಾರಿಳಿದು ನಡೆದುಕೊಂಡು ಮನೆಗೆ ಬಂದಳು. ನಾನು ಹಿಂದೆ ಕಾರಿನಲ್ಲಿ ಹಾರ್ನ್ ಮಾಡುತ್ತ ಬಂದೆ. ಅವನ ಬಳಿ ಅದೇ ಹೆಂಗಸು ಮಳೆಗಾಲ ಮುಗಿಯುವುದರೊಳಗೆ ಕಲಿತಳು. ಈಗ ಅವಳು ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತೇನೆ.

ಟೆಲಿಸ್ಕೋಪು ತಂದದ್ದು ಇದಕ್ಕೇ. ಮಾವನವರು ಕೆಲಸದಲ್ಲಿದ್ದಷ್ಟು ಕಾಲವೂ ಶಾಲೆಯಲ್ಲಿ ವಿಜ್ಞಾನ ಹೇಳಿದವರು. ಬೋರ್ಡಿನ ಮೇಲೆ ಒಂದೇ ಎಳೆತದಲ್ಲಿ ಶನಿಗ್ರಹ ಬರೆದು ಸುತ್ತ ಬಳೆ ಹಾಕುತ್ತಿದ್ದರು. “ನೀವು ನೋಡಿದೀರಾ ಸಾರ್?” ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಿದ್ದರಂತೆ. ಪ್ರತಿ ವರ್ಷವೂ “ಇಲ್ಲ, ಕೂತ್ಕೋ” ಎನ್ನುತ್ತಿದ್ದರಂತೆ. ಇದನ್ನು ಹೇಳಿದ ದಿನ ಅವರು ಕನ್ನಡಕ ತೆಗೆದು ಒರೆಸುತ್ತ ಬಹಳ ಹೊತ್ತು ಕೂತರು. ಅವರಿಗೆ ಆ ಬಳೆ ಕಾಣಬೇಕು, ತೋರಿಸುವವನು ನಾನಾಗಬೇಕು ಎಂದು ಅಂದೇ ನಿಶ್ಚಯಿಸಿದೆ. ಇದಕ್ಕೆ ಬಲ್ಬಿನ ಜ್ಞಾನ ಸಾಲದು.

“ಶನಿ ತಾನಾಗೇ ಹೆಗಲೇರೋದು ಸಾಲದು ಅಂತ ಇವರು ಮಿಷನ್ ತಂದು ಹುಡುಕ್ತಿದಾರೆ” ಎಂದಳು ಹೆಂಡತಿ.

ಮಫ್ಲರಿನ ಪ್ರಸಂಗವಾದ ಮರುದಿನ ಸಂಜೆ ಯಾರಿಗೂ ಹೇಳದೆ ಒಬ್ಬನೇ ತಾರಸಿಗೆ ಹೋದೆ, ಕುತ್ತಿಗೆ ಬರಿದು ಮಾಡಿಕೊಂಡು. ಈ ಸಲ ಕೈಪಿಡಿಯೂ ಜೊತೆಗಿತ್ತು. ಯಂತ್ರಕ್ಕೆ ಮೊದಲು ತಾನು ಎಲ್ಲಿದ್ದೇನೆ, ಇವತ್ತು ಏನು ತಾರೀಖು, ಗಂಟೆ ಎಷ್ಟು ಎಂದು ತಿಳಿಸಬೇಕು. ಆಮೇಲೆ ಎರಡು ಪ್ರಕಾಶಮಾನ ನಕ್ಷತ್ರಗಳನ್ನು ನಾವೇ ಕೊಳವೆಯ ನಡುಮಧ್ಯಕ್ಕೆ ತಂದು ತೋರಿಸಬೇಕು. ಅಲ್ಲಿಂದ ಮುಂದೆ ಆಕಾಶವೆಲ್ಲ ಅದಕ್ಕೆ ಬಾಯಿಪಾಠ. ತಾರೀಖು ಕೊಟ್ಟೆ, ಗಂಟೆ ಕೊಟ್ಟೆ. ಮನೆಗಳ ಮೇಲೆ ಇರುವುದರಲ್ಲೆಲ್ಲ ಪ್ರಕಾಶಮಾನವಾದ ನಕ್ಷತ್ರವನ್ನು ಹಿಡಿದೆ. ಅದು ನಡುಮಧ್ಯದಲ್ಲಿ ನಿಲ್ಲದೆ ಒಂದಿಷ್ಟೇ ಜಾರುತ್ತಿತ್ತು. ಭೂಮಿ ತಿರುಗುತ್ತದಲ್ಲ, ಜಾರಲೇಬೇಕು ಎಂದು ನನಗೆ ನಾನೇ ಪಾಠ ಹೇಳಿಕೊಂಡು ಬಾಣದ ಗುಂಡಿಗಳನ್ನು ಒತ್ತುತ್ತ ಬೆನ್ನುಹತ್ತಿದೆ.

ಷಡ್ಡಕ ಒಣಗಿದ ಬಟ್ಟೆ ತೆಗೆಯಲು ಬಂದಿದ್ದ. ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಆ ನಕ್ಷತ್ರವನ್ನೇ ನೋಡಿದ. ಆಮೇಲೆ ಕ್ಲಿಪ್ಪು ತೆಗೆದು ಹೇಳಿದ:

“ನಕ್ಷತ್ರ ಇಂಡಿಕೇಟರ್ ಹಾಕಲ್ಲ ಅಣ್ಣ.”

ತಲೆಯೆತ್ತಿದೆ. ಕೆಂಪು, ಹಸಿರು ದೀಪ ಮಿನುಗಿಸುತ್ತ ವಿಮಾನ ನಮ್ಮ ತಲೆಯ ಮೇಲೇ ಹಾದು ಹೋಯಿತು. ಅವನು ಬಟ್ಟೆ ಬುಟ್ಟಿ ಎತ್ತಿಕೊಂಡು ಕೆಳಗಿಳಿದ.

ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, “ವಿಮಾನಕ್ಕೆ ಗುರಿ ಇಟ್ಟಿದ್ರಂತೆ?”

“ಹೇಳಿಬಿಟ್ಟನಾ?”

“ಹೊಗಳಿದರು ಕಣ್ರೀ. ಅಣ್ಣನ ಕೈ ಎಷ್ಟು ಸ್ಥಿರ ಅಂದ್ರೆ, ಅಷ್ಟು ಜೋರಾಗಿ ಹೋಗೋದನ್ನೂ ಬಿಡಲಿಲ್ಲ ಅಂದರು.”

ಬೈದಿದ್ದರೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು. ಹೊಗಳಿಕೆಗೆ ಇಳಿಯಲಿಲ್ಲ.

ಆಮೇಲೂ ಎರಡು ಸಂಜೆ ಹೆಣಗಿದೆ. ನಕ್ಷತ್ರಗಳನ್ನು ನಿಲ್ಲಿಸಿ ನೋಡಿ, ಅಲ್ಲಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಹಿಡಿದೆ. ಆದರೂ ‘ಶನಿ’ ಎಂದೊತ್ತಿದರೆ ಕೊಳವೆ ಎದುರು ಮನೆ ದಂತವೈದ್ಯರ ಅಡುಗೆಮನೆಯತ್ತ ಬಗ್ಗುತ್ತಿತ್ತು. ದಂತವೈದ್ಯರ ಹೆಂಡತಿ ಎರಡನೆಯ ಸಂಜೆ ಪರದೆ ಎಳೆದುಕೊಂಡರು.

ಅಷ್ಟರಲ್ಲಿ ಶನಿ ದಿನದಿನಕ್ಕೆ ಪಶ್ಚಿಮಕ್ಕೆ ಇಳಿಯುತ್ತಿತ್ತು. ಆ ಕಡೆ ಹೊಸದೊಂದು ಕಟ್ಟಡ ಸಾರುವೆ ಕಟ್ಟಿಕೊಂಡು ಏಳುತ್ತಿತ್ತು. ಒಂದು ಸಂಜೆ ಮಾವನವರು ತಾರಸಿಯ ಗೋಡೆಗೆ ಒರಗಿ, ಕೈ ಚಾಚಿ, ಸಾರುವೆಯ ತುದಿಗೂ ಆ ಹಳದಿ ಚುಕ್ಕೆಗೂ ನಡುವೆ ಎಷ್ಟು ಬೆರಳು ಜಾಗ ಉಳಿದಿದೆ ಎಂದು ಅಳೆಯುತ್ತಿದ್ದರು. ನನ್ನನ್ನು ಕಂಡು ಕೈ ಇಳಿಸಿದರು.

“ಬಿಡಪ್ಪ, ಬರೋ ವರ್ಷ ನೋಡಿದರಾಯ್ತು.”

ಆ ವಯಸ್ಸಿನವರು ‘ಬರೋ ವರ್ಷ’ ಎಂದರೆ ಕೇಳಿದವರು ನೆಲ ನೋಡುತ್ತಾರೆ. ನಾನೂ ನೋಡಿದೆ. ಆಮೇಲೆ ಹೊಟ್ಟೆಯಲ್ಲಿದ್ದ ಕಿಚ್ಚನ್ನು ಅಲ್ಲೇ ಬೂದಿ ಮುಚ್ಚಿ ಇಟ್ಟು, ಮೇಲಿನ ಅಂತಸ್ತಿನ ಬಾಗಿಲು ತಟ್ಟಿದೆ.

“ನನಗೆ ನಕ್ಷತ್ರ ಒಂದೂ ಗೊತ್ತಿಲ್ಲ ಅಣ್ಣ” ಎಂದ ಷಡ್ಡಕ.

“ಗೊತ್ತಿರೋದು ಬೇಡ. ಬಂದು ಕೂತ್ಕೊಳ್ಳಿ.”

ಮರುದಿನ ಬಿಸಿಲಿರುವಾಗಲೇ ಬಂದ. ಯಂತ್ರದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎರಡೂ ಕೈ ತೊಡೆಯ ಮೇಲಿಟ್ಟು ಕೂತ. ಬಲಗಾಲು ಸುಮ್ಮನೆ ನೆಲವನ್ನು ಒತ್ತಿಕೊಂಡಿತ್ತು.

“ಮೊದಲಿಂದ ಮಾಡಿ. ಹೇಳ್ತಾ ಮಾಡಿ.”

“ನಾನೇನು ನಿಮ್ಮ ಶಿಷ್ಯನಾ?”

“ಅತ್ತಿಗೇನೂ ಹೀಗೇ ಕೇಳಿದ್ರು.”

ಬಾಯಿ ಮುಚ್ಚಿಕೊಂಡೆ, ಆಮೇಲೆ ತೆರೆದೆ. “ಸ್ಟ್ಯಾಂಡಿನ ಮೂರು ಕಾಲೂ ಊರಿದೆ. ಮಟ್ಟ ನೋಡೋ ಗುಳ್ಳೆ ನಡುವೆ ಬಂತು.” ಬಂದಿರಲಿಲ್ಲ, ಗಟ್ಟಿಯಾಗಿ ಹೇಳಿದ ಮೇಲೆ ನಾಚಿಕೆಯಾಗಿ ಒಂದು ಕಾಲು ಎತ್ತರಿಸಿದೆ. “ದೂರದ ಮೊಬೈಲ್ ಟವರಿನ ತುದಿ ದೊಡ್ಡ ಕೊಳವೆಯಲ್ಲಿ ಕಾಣ್ತಿದೆ. ಅದರ ಮೇಲಿನ ಗುರಿ ಹಿಡಿಯೋ ಪುಟ್ಟ ದುರ್ಬೀನಲ್ಲಿ ಕಾಣ್ತಿಲ್ಲ.” ಅದರ ತಿರುಪು ತಿರುಗಿಸಿ ಎರಡರಲ್ಲೂ ಒಂದೇ ತುದಿ ಕಾಣುವ ಹಾಗೆ ಮಾಡಿದೆ. ಕತ್ತಲಾಗುತ್ತ ಬಂತು. “ತಾರೀಖು ಹಾಕ್ತಿದೀನಿ. ಮೊದಲು ದಿನ, ಆಮೇಲೆ ತಿಂಗಳು.” ರಿಮೋಟಿನ ಪರದೆಯ ಮೇಲೆ ಆ ಜಾಗದಲ್ಲಿ ಇದ್ದ ಅಕ್ಷರಗಳನ್ನು ಓದಿದೆ. ಇನ್ನೊಮ್ಮೆ ಓದಿದೆ. “ಮೊದಲು ತಿಂಗಳು.”

ತಿಂಗಳ ಮೊದಲ ವಾರವಾದ್ದರಿಂದ ಯಂತ್ರ ನನ್ನ ದಿನವನ್ನು ತಿಂಗಳೆಂದು ಮರ್ಯಾದೆಯಿಂದ ಒಪ್ಪಿಕೊಂಡಿತ್ತು. ಅಷ್ಟು ಸಂಜೆಯೂ ಅದು ಬೇರೆ ಯಾವುದೋ ಕಾಲದ ಆಕಾಶದಲ್ಲಿ ಶನಿಯನ್ನು ಪ್ರಾಮಾಣಿಕವಾಗಿ ಹುಡುಕುತ್ತಿತ್ತು.

“ಮುಂದೆ” ಎಂದ ಷಡ್ಡಕ, ಅಷ್ಟೇ.

ನಕ್ಷತ್ರ ಒಂದಾಯಿತು, ಎರಡಾಯಿತು. ಗುಂಡಿ ಒತ್ತಿದೆ. ಕೊಳವೆ ದಂತವೈದ್ಯರ ಅಡುಗೆಮನೆಯನ್ನು ದಾಟಿ, ಸಾರುವೆಯನ್ನು ದಾಟಿ, ಅದರ ಮೇಲೊಂದು ಗೇಣು ಎತ್ತರದಲ್ಲಿ ನಿಂತಿತು. ಕಣ್ಣಿಟ್ಟೆ. ಕಡಲೆಕಾಳಿಗಿಂತ ಸಣ್ಣದು, ತಿಳಿಹಳದಿ, ಸುತ್ತ ಬಳೆ. ಯಾರೋ ಒಳಗೆ ಚಿತ್ರ ಅಂಟಿಸಿಟ್ಟ ಹಾಗಿತ್ತು.

ಮಾವನವರನ್ನು ಕೂಗಿದೆ. ನಾನೇ ಕೂಗಿದೆ. ನಾನೇ ಕೈಹಿಡಿದು ತಂದು ನಿಲ್ಲಿಸಿದೆ. ಅತ್ತೆ, ಅಕ್ಕ-ತಂಗಿಯರು ಹಿಂದೆ ಬಂದರು. ಮಾವನವರು ಕನ್ನಡಕ ತೆಗೆದು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಬೀದಿಯಲ್ಲಿ ಸ್ಕೂಟರೊಂದು ಹೋಯಿತು, ಯಾರೋ ಗೇಟು ಹಾಕಿದರು. ಅವರ ಬಲಗೈ ಗಾಳಿಯಲ್ಲಿ ಸಣ್ಣಗೆ ಒಂದು ಸುತ್ತು ಸುತ್ತಿತು, ಸೀಮೆಸುಣ್ಣ ಹಿಡಿದ ಹಾಗೆ.

“ನಾನು ಬಳೆ ಸ್ವಲ್ಪ ದಪ್ಪ ಬರೀತಿದ್ದೆ” ಎಂದರು.

ಮತ್ತೆ ಬಗ್ಗಿದರು. ಕಡೆಗೆ ಎದ್ದು ಕಣ್ಣೊರೆಸಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟರು. ಇಷ್ಟು ವರ್ಷಕ್ಕೆ ಮೊದಲ ಸಲ ಇಟ್ಟ ಕೈ. ಕೈ ನನ್ನ ಹೆಗಲ ಮೇಲಿತ್ತು. ಮುಖ ಮಾತ್ರ ಕುರ್ಚಿಯ ಕಡೆಗಿತ್ತು.

“ಚೆನ್ನಾಗಿ ಹೇಳಿಕೊಟ್ಟಿದೀಯಪ್ಪ ಇವನಿಗೆ.”

“ಅಣ್ಣನೇ ಮಾಡಿದ್ದು” ಎಂದ ಷಡ್ಡಕ. ಅದು ನಿಜ. ನಿಜವನ್ನು ಅವನು ಹೇಳಿದ್ದರಿಂದ ಅದೂ ಅವನ ದೊಡ್ಡತನದ ಲೆಕ್ಕಕ್ಕೇ ಹೋಯಿತು. “ಎಷ್ಟು ದೊಡ್ಡ ಮನಸ್ಸು ನೋಡು” ಎಂದರು ಅತ್ತೆ. ಬೂದಿಯ ಕೆಳಗಿನ ಕೆಂಡ ಮತ್ತೆ ಮುಖ ತೋರಿಸಿತು.

ಎಲ್ಲರೂ ಸರದಿಯಲ್ಲಿ ನೋಡಿ ಕೆಳಗಿಳಿದರು. ನಾವಿಬ್ಬರೇ ಉಳಿದೆವು, ಯಂತ್ರವನ್ನು ಪೆಟ್ಟಿಗೆಗೆ ತುಂಬಲು. ಅವನು ಆಗಷ್ಟೇ ಮೊದಲ ಸಲ ಕಣ್ಣಿಟ್ಟು ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ.

“ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನಿಮಗೆ ಯಾವತ್ತಾದರೂ ನನ್ನ ಮೇಲೆ ಹೊಟ್ಟೆಕಿಚ್ಚಾಗಿದೆಯಾ?”

ಅವನು ಕಣ್ಣು ತೆಗೆಯಲಿಲ್ಲ. ಬಹಳ ಹೊತ್ತು ಯೋಚಿಸಿದ.

“ಹುಡುಕಿದೆ ಅಣ್ಣ,” ಎಂದ. “ಕಾರಣ ಸಿಗಲಿಲ್ಲ.”