ಆಪಾ ಹೇಳಿದ್ದು, ನಾನು ಬರೆದದ್ದು

ಮೊನ್ನೆ ಮುಂಬಯಿಯ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ, ಲೇಡೀಸ್ ಡಬ್ಬದಲ್ಲಿ ಎದುರು ಕೂತ ಹೆಂಗಸೊಬ್ಬಳು ಟಿಫಿನ್ನಿನ ಮುಚ್ಚಳ ತೆಗೆದಳು. ಶೇಂಗಾ ಚಟ್ನಿಪುಡಿಯ ವಾಸನೆ... ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ. ಅಂಥದೇ ಪುಡಿಯನ್ನು ಕಾಗದದಲ್ಲಿ ಕಟ್ಟಿ ನನಗೆ ತಂದುಕೊಡುತ್ತಿದ್ದವಳನ್ನು ನಾನು ಆಪಾ ಎಂದು ಕರೆಯುತ್ತಿದ್ದೆ. ಆಪಾ ಅಂದರೆ ಅಕ್ಕ. ಆ ಅಕ್ಕನಿಗೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿಲ್ಲ.

ಸಯನ್‌ನಲ್ಲಿ ನನ್ನದೊಂದು ಸಣ್ಣ ಟೈಪಿಂಗ್ ಅಂಗಡಿ. ಅಫಿಡವಿಟ್ಟು, ಬಾಡಿಗೆ ಕರಾರು, ಅರ್ಜಿ. ಊರು ಕುಂದಾಪುರದ ಕಡೆಯಾದರೂ ಬಾಯಿ ಪೂರಾ ಮುಂಬಯಿಯದು. ಅರ್ಜಿ ಬರೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ. ನಮ್ಮ ಕಸುಬಿನಲ್ಲೊಂದು ರೂಢಿಯಿದೆ. ಸಾಹೇಬರ ದಯೆ ಕೇಳುವ ಅರ್ಜಿಯಾದರೆ ಕೊನೆಯಲ್ಲಿ ಒಂದು ಸಾಲು ಇರಲೇಬೇಕು: "ನನಗೆ ಹಿಂದೆ ಮುಂದೆ ಯಾರೂ ಇಲ್ಲ, ತಾವೇ ಗತಿ." ಮನೆ ತುಂಬ ಮಕ್ಕಳಿದ್ದವರಿಗೂ ನಾನು ಅದನ್ನೇ ಹಾಕಿದ್ದೇನೆ. ಇದು ಸುಳ್ಳಲ್ಲವೇ ಎಂದು ಯಾರೂ ಕೇಳಿದ್ದಿಲ್ಲ, ನನಗೂ ಹಾಗೆ ಅನ್ನಿಸಿದ್ದಿಲ್ಲ.

ಆಪಾ ಬಿಜಾಪುರದ ಕಡೆಯವಳು, ಬೆಳೆದದ್ದು ಇಲ್ಲೇ ವಡಾಲದ ಸಾಲುಮನೆಗಳ ಚಾಳಿನಲ್ಲಿ. ಹತ್ತೊಂಬತ್ತಕ್ಕೆ ಕರಾಚಿಯಲ್ಲಿದ್ದ ಸೋದರಮಾವನ ಮಗನಿಗೆ ಕೊಟ್ಟು ಮದುವೆ ಮಾಡಿದ್ದರು. ಮದುವೆಯ ಜೊತೆಗೆ ಪಾಸ್‌ಪೋರ್ಟಿನ ಬಣ್ಣವೂ ಬದಲಾಯಿತು, ಪಾಕಿಸ್ತಾನದವಳಾದಳು. ಗಂಡ ತೀರಿಕೊಂಡ ಮೇಲೆ ವೀಸಾ ಸಿಕ್ಕಿ ತಾಯಿಯನ್ನು ನೋಡಲು ಬಂದಳು. ಬಂದ ಮೂರನೇ ವಾರಕ್ಕೆ ತಾಯಿಗೆ ಲಕ್ವ ಹೊಡೆಯಿತು. ಅಣ್ಣತಮ್ಮಂದಿರಿಲ್ಲ. ತಾಯಿಗೆ ತುತ್ತು ಇಡುವುದು, ಮಗ್ಗುಲು ತಿರುಗಿಸುವುದು, ತೊಳೆಯುವುದು ಎಲ್ಲ ಇವಳದೇ. ವೀಸಾದ ಅವಧಿ ಒಮ್ಮೆ ಬೆಳೆಸಿದರು, ಎರಡನೇ ಸಲವೂ ಬೆಳೆಸಿದರು. ಆಮೇಲೆ ಪೊಲೀಸ್ ಕಚೇರಿಯ ಗುಮಾಸ್ತರು, "ಇನ್ನು ನಮ್ಮ ಕೈಲಿಲ್ಲ. ದಿಲ್ಲಿಗೆ ಬರೆಯಿರಿ. ಸರ್ಕಾರ ಮನಸ್ಸು ಮಾಡಿದರೆ ವಿಶೇಷ ಪ್ರಕರಣ ಅಂತ ಇರಗೊಡಬಹುದು" ಅಂದರಂತೆ. ಹಾಗೆ ಅವಳು ನನ್ನ ಅಂಗಡಿಯ ಸ್ಟೂಲಿಗೆ ಬಂದು ಕೂತಳು.

ಎರಡು ತಿಂಗಳು ಒಂದಲ್ಲ ಒಂದು ಕಾಗದ ಹಿಡಿದು ಬರುತ್ತಿದ್ದಳು. ಅಷ್ಟರಲ್ಲಿ ನಮಗೆ ಸಲಿಗೆ ಬೆಳೆಯಿತು. ನನ್ನ ಸಾರಿಗೆ ಖಾರವೇ ಇರುವುದಿಲ್ಲ ಎಂದು ಗೇಲಿ ಮಾಡುತ್ತಿದ್ದಳು. "ನಿಮ್ಮ ಕಡೆಯವ್ರು ಬರೇ ತೆಂಗಿನಕಾಯಿ ತಿಂದ ದೊಡ್ಡವರಾಗೀರಿ" ಅನ್ನುತ್ತಿದ್ದಳು. ಇಂಗ್ಲಿಷ್ ಓದಲು ಬಾರದು. ಸಹಿ ಉರ್ದುವಿನಲ್ಲಿ, ನಿಧಾನಕ್ಕೆ, ರಂಗೋಲಿ ಎಳೆದ ಹಾಗೆ ಹಾಕುವಳು.

ಅರ್ಜಿ ಬರೆಸಿದ ದಿನ ಅವಳು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. "ತಂಗೀ, ಇದನ್ನೂ ಹಾಕು. ಅಲ್ಲಿ ನನಗ ಒಬ್ಬಾಕಿ ಮಗಳ ಅದಾಳ. ಆಕೀ ಸಂಸಾರ ಚಲೋ ಐತಿ, ಆಕೀ ಚಿಂತಿ ನನಗಿಲ್ಲ. ಇಲ್ಲಿ ಅಮ್ಮಾಗ ನನ್ನ ಬಿಟ್ರ ಯಾರಿಲ್ಲ, ಅದಕ್ಕ ಇರ್ತೀನಿ ಅಂತ ಬರಿ. ಮಗಳ ಹೆಸರ ಹಾಕು."

"ಹೌದು ಹೌದು, ಹಾಕ್ತೇನೆ ಮಾರಾಯ್ತಿ" ಅಂದೆ.

ಹಾಕಲಿಲ್ಲ. ಮಗಳಿದ್ದಾಳೆ ಅಂದರೆ ಸಾಹೇಬರು, "ಹಾಗಾದರೆ ಮಗಳ ಹತ್ತಿರ ಹೋಗಿ ಇರು" ಅನ್ನುವುದಿಲ್ಲವೇ? ನನ್ನ ಅತಿಬುದ್ಧಿ ಅಷ್ಟು ದೂರ ಓಡಿತ್ತು. ಮಗಳ ಸಾಲು ಬಿಟ್ಟೆ, ನನ್ನ ಮಾಮೂಲು ಸಾಲು ಹಾಕಿದೆ. "ಆ ದೇಶದಲ್ಲಿ ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ." ಓದಿ ಹೇಳು ಅಂದಳು. ಅವಳು ಹೇಳಿದ್ದನ್ನೇ ಕಾಗದ ನೋಡುತ್ತಾ ಒಪ್ಪಿಸಿದೆ, ಮಗಳ ಹೆಸರೂ ಸೇರಿಸಿ. ಅವಳು ತೃಪ್ತಿಯಿಂದ ತಲೆದೂಗಿ ಸಹಿ ಹಾಕಿದಳು. ಛೇ... ಆ ಮುಖ.

ವೀಸಾದ ಫಾರ್ಮಿನಲ್ಲಿ ಅವಳೇ ಮಗಳ ಹೆಸರು ಕೊಟ್ಟಿದ್ದಾಳೆ, ಎರಡೂ ಕಾಗದ ಒಂದೇ ಮೇಜಿನ ಮೇಲೆ ಬರುತ್ತವೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಗ್ಯಾಸ್ ಕನೆಕ್ಷನ್ನಿನ ಅರ್ಜಿ ಬರೆದ ಕೈ ಅದು. ಪರದೇಶದವರ ಕಾಗದವನ್ನು ಎಷ್ಟು ಸಲ ಜಾಲಾಡುತ್ತಾರೆಂದು ನನಗೇನು ಗೊತ್ತು!

ಉತ್ತರ ಬಂತು. ಅದನ್ನೂ ಓದಿಸಲು ಅವಳು ನನ್ನ ಹತ್ತಿರವೇ ತಂದಳು. ಅರ್ಜಿದಾರರು ಮಗಳಿರುವ ಸಂಗತಿ ಮುಚ್ಚಿಟ್ಟು ಸುಳ್ಳು ಹೇಳಿಕೆ ಕೊಟ್ಟಿದ್ದಾರೆ, ಆದ್ದರಿಂದ ವಿಶೇಷ ಪರಿಗಣನೆ ಇಲ್ಲ, ಹದಿನೈದು ದಿನದೊಳಗೆ ದೇಶ ಬಿಡಬೇಕು. ಆಪಾ ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಏನಂತಾರ ತಂಗಿ?"

"ಆಗೋದಿಲ್ಲ ಅಂದಿದ್ದಾರೆ ಆಪಾ. ಹದಿನೈದು ದಿನದೊಳಗೆ ಹೋಗಬೇಕಂತೆ. ಕಾರಣ ಹೇಳಿಲ್ಲ."

ಅವಳು ಅಳಲಿಲ್ಲ. ನನ್ನ ಕೈ ಹಿಡಿದು, "ನೀ ಚಲೋನ ಬರದಿದ್ದಿ. ನನ್ನ ಹಣೇಬರಹನ ಹಿಂಗೈತಿ" ಅಂದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಾಲ್ಕು ಜನರ ಮುಂದೆ ಬೈಯುತ್ತಾಳೆ, ಅಂಗಡಿಯ ಹೆಸರು ಕೆಡುತ್ತದೆ ಎಂಬ ಹೆದರಿಕೆ ಅಂದುಕೊಳ್ಳಿ. ಅದಕ್ಕಿಂತ ಹೆಚ್ಚಾಗಿ, ಅವಳು ಹಿಡಿದ ಕೈ ಬಿಡುತ್ತಾಳೆಂಬ ಹೆದರಿಕೆ.

ಅವಳು ಕರಾಚಿಗೆ ಹೋದ ಮೇಲೆ, ನಮ್ಮ ಬಿಲ್ಡಿಂಗಿನ ವಕೀಲರನ್ನು ಯಾರದೋ ವಿಷಯವೆಂಬಂತೆ ಕೇಳಿದೆ. "ಮಗಳಿದ್ದರೆ ಅದೇನು ಅಡ್ಡಿಯಲ್ಲ. ಸುಳ್ಳು ಬರೆದದ್ದೇ ಮುಳುವಾಯಿತು. ತಪ್ಪು ಟೈಪ್ ಮಾಡಿದವರು ತಮ್ಮದೇ ತಪ್ಪು ಅಂತ ಅಫಿಡವಿಟ್ಟು ಕೊಟ್ಟು, ಮತ್ತೊಮ್ಮೆ ಕೇಳಿದ್ದರೆ ನೋಡುತ್ತಿದ್ದರೋ ಏನೋ. ಯಾರದು ಈ ಕೇಸು?" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆ ನನ್ನಂಥವಳಿಗೇ ಮಾಡಿದ್ದು. ಗೊತ್ತಿದ್ದವರೊಬ್ಬರದು ಅಂತ ಹೇಳಿ ಇಳಿದು ಬಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿ ನಾನೇ ಆಗಿದ್ದೆ.

ವಡಾಲದ ಚಾಳಿಗೆ ಎರಡು ಸಲ ಹೋದೆ. ಪಕ್ಕದ ಮನೆಯವರು ಪಾಳಿಯ ಮೇಲೆ ಮುದುಕಿಯನ್ನು ನೋಡಿಕೊಳ್ಳುತ್ತಿದ್ದರು. ಸೊಟ್ಟಗಾದ ಬಾಯಿಂದ ಅವಳು ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದಳು, "ಮಗಳು ಪ್ಯಾಟಿಗೆ ಹೋಗ್ಯಾಳೇನು?" ಮೂರನೇ ಸಲ ಹೋಗುವ ಧೈರ್ಯ ನನಗಾಗಲಿಲ್ಲ. ಆ ಮಳೆಗಾಲದಲ್ಲೇ ಮುದುಕಿ ತೀರಿಕೊಂಡಳೆಂದು ತಿಳಿಯಿತು. ಆಪಾ ಅಲ್ಲಿಂದ ಫೋನು ಮಾಡಿ ಅತ್ತಳು. ಆಗಲೂ ನಾನು ಸಮಾಧಾನ ಹೇಳಿದೆನೇ ಹೊರತು ನಿಜ ಹೇಳಲಿಲ್ಲ.

ಈಗ ಆಪಾಳೂ ಇಲ್ಲ. ಹೋದ ತಿಂಗಳು ಅವಳ ಮಗಳ ಫೋನು ಬಂತು. ಒಂದು ಸಾಲಿನಲ್ಲಿ ನಾನು ಇಲ್ಲವಾಗಿಸಿದ್ದ ಮಗಳು. ಉರ್ದುವಿನ ನಡುವೆ ತಾಯಿಯಿಂದ ಕಲಿತ ಬಿಜಾಪುರದ ಕನ್ನಡ. ತಾಯಿ ನಿದ್ದೆಯಲ್ಲೇ ಹೋದದ್ದು ಹೇಳಿ, ಒಂದು ಕೇಳಲೇ ಮೌಸಿ, ಅಂದಳು. ಮೌಸಿ ಅಂದರೆ ಚಿಕ್ಕಮ್ಮ. "ಅಮ್ಮಿ ದಿಲ್ಲಿಗೆ ಬರೆಸಿದ ಅರ್ಜಿ ನಿಮ್ಮ ಹತ್ರ ಐತೇನು? ಅದ್ರಾಗ ನನ್ನ ಹೆಸರು ಐತಂತ ಅಮ್ಮಿ ಎಲ್ಲಾರಿಗೂ ಹೇಳ್ತಿದ್ರು. ಅಮ್ಮಿ ನೆನಪಿಗೆ ಇಟ್ಕೋತೀನಿ."

ಇದೆಯಮ್ಮಾ, ಕಳಿಸ್ತೇನೆ ಅಂದೆ.

ಕಂಪ್ಯೂಟರಿನಲ್ಲಿ ಅದು ಇತ್ತು. ತೆಗೆದು ಓದಿದೆ. ಹಾಗೇ ಕಳಿಸಿ ಕಾಲಿಗೆ ಬೀಳಬೇಕಿತ್ತು. ನಾನು ಮಾಡಿದ್ದೇ ಬೇರೆ. ಅಂದು ಆಪಾ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಈಗ ಟೈಪ್ ಮಾಡಿದೆ. ಮಗಳ ಹೆಸರು, ಅವಳ ಸಂಸಾರ ಚೆನ್ನಾಗಿರುವುದು, ತಾಯಿಗೆ ತುತ್ತು ಇಡಲು ಬೇರೆ ಯಾರೂ ಇಲ್ಲದ್ದು. ಹಳೆಯ ತಾರೀಖು ಹಾಕಿದೆ, ಕಳಿಸಿದೆ. ನನ್ನ ಜನ್ಮದಲ್ಲಿ ನಾನು ಬರೆದ ಅತ್ಯಂತ ಒಳ್ಳೆಯ ಅರ್ಜಿ ಅದು.

ಮರುದಿನ ಮೊಬೈಲಿಗೆ ಅವಳ ಧ್ವನಿಸಂದೇಶ ಬಂತು. "ಮೌಸೀ, ಎಲ್ಲಾ ಖರೇನ ಬರದೀರಿ... ಇಷ್ಟ ಚಲೋ ಬರದ್ರೂ ಅವ್ರು ಯಾಕ ಆಗೂದಿಲ್ಲ ಅಂದ್ರು?"