ಜೋಡಿ ತಪ್ಪಿದ ಸ್ಪೀಕರ್

ಕಳೆದ ಭಾನುವಾರ ಸವಣೂರಿನ ಅಂಗಡಿಯೊಂದರಲ್ಲಿ ಹತ್ತಿಮತ್ತೂರಿನ ರೈತ ಬಸಪ್ಪ ಒಂದೇ ಒಂದು ಸ್ಪೀಕರ್ ಕೇಳಿದರು. ಇಂಥ ಸಾಮಾನು ಆರಿಸುವ ಹುಚ್ಚು ನನಗಿದೆ ಎಂದು ಗೊತ್ತಿದ್ದರಿಂದ ನನ್ನನ್ನೂ ಜೊತೆಗೆ ಕರೆದೊಯ್ದಿದ್ದರು.

ಅಂಗಡಿಯವರು ನಕ್ಕರು. ‘ಚಪ್ಪಲಿ ಒಂದ ತಗೊಂತೀರೇನ್ರಿ? ಇವು ಜೋಡಿನ ಬರ್ತಾವ.’

‘ಇನ್ನೊಂದು ಮನ್ಯಾಗ ಐತ್ರಿ’ ಎಂದರು ಬಸಪ್ಪ. ಅವರೂ ಅವರ ತಮ್ಮನೂ ಪಾಲಾದಾಗ ಜೋಡಿ ಸ್ಪೀಕರ್‌ಗಳೂ ಮನೆಗೊಂದರಂತೆ ಹಂಚಿಹೋಗಿದ್ದವು.

ಸ್ಪೀಕರ್ ಪರೀಕ್ಷಿಸಲು ಚೆನ್ನಾಗಿ ಗೊತ್ತಿರುವ ಹಾಡೇ ಬೇಕು. ಅಣ್ಣತಮ್ಮ ಇಬ್ಬರೂ ಸೇರಿ ಹಿಂದೆ ರೆಕಾರ್ಡ್ ಮಾಡಿಸಿದ್ದ ಭಜನೆಯನ್ನು ಬಸಪ್ಪ ಪೆನ್‌ಡ್ರೈವಿನಲ್ಲಿ ತಂದಿದ್ದರು. ಅಂಗಡಿಯ ಜೋಡಿ ಸ್ಪೀಕರ್‌ನಲ್ಲಿ ಹಚ್ಚಿದೆವು. ಎಡಕ್ಕೆ ಬಸಪ್ಪನವರ ದನಿ, ಬಲಕ್ಕೆ ತಮ್ಮನ ತಬಲಾ. ಮನೆಯಲ್ಲಿದ್ದ ಎಡಗಡೆಯ ಒಂಟಿ ಸ್ಪೀಕರ್‌ನಲ್ಲಿ ಇಷ್ಟು ದಿನ ಅವರಿಗೆ ಕೇಳಿಸಿದ್ದು ಅವರದೇ ದನಿ ಮಾತ್ರ. ಬಸಪ್ಪ ಬಲಗಡೆಯ ಸ್ಪೀಕರ್ ಹತ್ತಿರ ಹೋಗಿ, ಭಜನೆ ಮುಗಿಯುವವರೆಗೂ ಅಲ್ಲೇ ನಿಂತರು.

‘ಹೊಸಾದು ಹಳೇದಕ್ಕ ಹೊಂದೂದಿಲ್ರಿ. ಅದರ ಜೋಡಿದ ಬೇಕು. ತಮ್ಮನ ಮನಿ ದೂರ ಐತೇನ್ರಿ?’ ಎಂದೆ.

‘ನಡುವ ಒಂದ ಗ್ವಾಡಿ ಐತಿ. ಮಾತಿಲ್ರಿ.’

ಅವರು ಏನನ್ನೂ ಕೊಳ್ಳಲಿಲ್ಲ. ನಿನ್ನೆ ನಾನು ಫೋನ್ ಮಾಡಿದಾಗಲೂ ಅವರು ತಮ್ಮನನ್ನು ಕೇಳಿರಲಿಲ್ಲ. ಗೋಡೆಯಾಚೆ ಆ ಸ್ಪೀಕರ್ ಮೇಲೆ ಈಗ ಕುಡಿಯುವ ನೀರಿನ ಕ್ಯಾನ್ ಇಟ್ಟಿದ್ದಾರಂತೆ.